ಕಾಲಿನ ಸ್ನಾಯುವಿಗೂ ಹೃದಯಕ್ಕೂ ಕ್ಯಾಲ್ಸಿಯಂ ಒಂದೇ, ಅದರ ಬಾಗಿಲು ಬೇರೆ

ಪ್ರಶ್ನೆ: ಅಸ್ಥಿಸ್ನಾಯು (ಕೈಕಾಲುಗಳಲ್ಲಿರುವಂತೆ ಎಲುಬಿಗೆ ಅಂಟಿದ ಸ್ನಾಯು) ಮತ್ತು ಹೃದಯಸ್ನಾಯು ಎರಡರ ಸಂಕೋಚನಕ್ಕೂ ಕ್ಯಾಲ್ಸಿಯಂ ಅಯಾನುಗಳೇ ಕಾರಣವೆಂದು ಪಠ್ಯದಲ್ಲಿ ಓದಿದ್ದೇನೆ. ಆದರೆ ಕಪ್ಪೆಯ ಹೃದಯವನ್ನು ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿಟ್ಟರೆ ಅದರ ಬಡಿತ ಬೇಗನೆ ನಿಂತುಹೋಗುತ್ತದೆ, ಕಾಲಿನ ಸ್ನಾಯು ಮಾತ್ರ ಅದೇ ದ್ರಾವಣದಲ್ಲಿ ಹಲವು ನಿಮಿಷ ಸಂಕುಚಿಸುತ್ತಲೇ ಇರುತ್ತದೆ ಎಂದು ಇನ್ನೊಂದೆಡೆ ಓದಿದೆ. ಎರಡಕ್ಕೂ ಬೇಕಾದದ್ದು ಒಂದೇ ಅಯಾನು ಎಂದಮೇಲೆ ಈ ವ್ಯತ್ಯಾಸ ಏಕೆ?

ಉತ್ತರ: ನೀವು ಓದಿದ ಎರಡೂ ಸಂಗತಿಗಳು ಸರಿ. ಕ್ಯಾಲ್ಸಿಯಂ ಸ್ನಾಯುಕೋಶದೊಳಗೆ ಮಾಡುವ ಕೆಲಸ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿದೆ. ಆದರೆ ಅದು ಎಲ್ಲಿಂದ ಬರುತ್ತದೆ, ಅದನ್ನು ಬಿಡುಗಡೆ ಮಾಡುವ ಬಾಗಿಲು ಹೇಗೆ ತೆರೆಯುತ್ತದೆ ಎಂಬುದು ಎರಡೂ ಕಡೆ ಬೇರೆ ಬೇರೆ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಮೊದಲನೆಯದನ್ನು ವಿಸ್ತಾರವಾಗಿ ವಿವರಿಸಿ ಎರಡನೆಯದನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತವೆ. ನನ್ನ ಮಟ್ಟಿಗೆ ಹೆಚ್ಚು ಸ್ವಾರಸ್ಯವಿರುವುದು ಆ ಎರಡನೆಯ ಭಾಗದಲ್ಲೇ.

ಸಮಾನವಾದ ಭಾಗವನ್ನು ಮೊದಲು ನೋಡೋಣ. ಸ್ನಾಯುಕೋಶದೊಳಗೆ ಆಕ್ಟಿನ್ ಎಂಬ ತೆಳು ಎಳೆಗಳೂ ಮಯೋಸಿನ್ ಎಂಬ ದಪ್ಪ ಎಳೆಗಳೂ ಒಂದರ ನಡುವೆ ಒಂದು ಸೇರಿಕೊಂಡಿರುತ್ತವೆ. ಮಯೋಸಿನ್ನಿನ ತಲೆಗಳು ಆಕ್ಟಿನ್ನನ್ನು ಹಿಡಿದು ಎಳೆದಾಗ ಈ ಎಳೆಗಳು ಪರಸ್ಪರ ಜಾರಿ ಸ್ನಾಯು ಗಿಡ್ಡವಾಗುತ್ತದೆ; 1954ರಲ್ಲಿ ಎರಡು ಸಂಶೋಧಕ ತಂಡಗಳು ಪ್ರತ್ಯೇಕವಾಗಿ ತೋರಿಸಿಕೊಟ್ಟ ವಿಷಯವಿದು. ಸ್ನಾಯು ಸಡಿಲವಾಗಿರುವಾಗ ಮಯೋಸಿನ್ ಬಂದು ಹಿಡಿಯಬೇಕಾದ ಜಾಗಗಳನ್ನು ಟ್ರೊಪೋಮಯೋಸಿನ್ ಎಂಬ ಉದ್ದನೆಯ ಪ್ರೋಟೀನು ಮರೆಮಾಡಿಕೊಂಡಿರುತ್ತದೆ. ಅದನ್ನು ಅಲ್ಲಿ ಹಿಡಿದಿಡುವುದು ಟ್ರೊಪೋನಿನ್. ಟ್ರೊಪೋನಿನ್ನಿಗೆ ಕ್ಯಾಲ್ಸಿಯಂ ಅಂಟಿಕೊಂಡ ಕೂಡಲೇ ಅದರ ಆಕಾರ ಬದಲಾಗಿ, ಟ್ರೊಪೋಮಯೋಸಿನ್ ಪಕ್ಕಕ್ಕೆ ಸರಿಯುತ್ತದೆ, ಮಯೋಸಿನ್ ಎಳೆಯತೊಡಗುತ್ತದೆ. ಈ ಟ್ರೊಪೋನಿನ್ನನ್ನು 1960ರ ದಶಕದಲ್ಲಿ ಪತ್ತೆಹಚ್ಚಿದವರು ಜಪಾನಿನ ಸೆತ್ಸುರೊ ಎಬಾಶಿ ಮತ್ತು ಅವರ ಸಹೋದ್ಯೋಗಿಗಳು. ಕ್ಯಾಲ್ಸಿಯಂನಂತಹ ಸರಳ ಅಯಾನೊಂದು ಸ್ನಾಯುವಿಗೆ ನೇರವಾಗಿ ಆಜ್ಞೆ ಕೊಡಬಲ್ಲದು ಎಂಬುದನ್ನು ಆಗ ಅನೇಕ ಜೀವರಸಾಯನ ವಿಜ್ಞಾನಿಗಳು ಸುಲಭವಾಗಿ ಒಪ್ಪಿರಲಿಲ್ಲ.

ಇಂತಹ ಏರ್ಪಾಡು ನಡೆಯಬೇಕಾದರೆ ಸಡಿಲವಾಗಿರುವ ಕೋಶದೊಳಗೆ ಕ್ಯಾಲ್ಸಿಯಂ ತೀರ ಕಡಿಮೆ ಇರಬೇಕು, ಇದ್ದೇ ಇದೆ. ಕೋಶದ ಹೊರಗಿನ ದ್ರವದಲ್ಲಿ ಮುಕ್ತ ಕ್ಯಾಲ್ಸಿಯಂ ಲೀಟರಿಗೆ 1 ಮಿಲಿಮೋಲ್‌ಗಿಂತ ತುಸು ಹೆಚ್ಚಿದ್ದರೆ, ಒಳಗೆ ಅದರ ಸುಮಾರು 10,000ದಲ್ಲಿ ಒಂದು ಪಾಲು ಮಾತ್ರ ಇರುತ್ತದೆ. ಸಂಕೋಚನಕ್ಕೆ ಬೇಕಾದ ಸಂಗ್ರಹ ಕೋಶದೊಳಗೇ ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಚೀಲಗಳ ಜಾಲದಲ್ಲಿ ಕೂಡಿರುತ್ತದೆ. ಈ ಚೀಲಗಳ ಗೋಡೆಯಲ್ಲಿರುವ ರಯನೊಡಿನ್ ಗ್ರಾಹಕ ಎಂಬ ದೊಡ್ಡ ಪ್ರೋಟೀನೇ ನಾನು ಬಾಗಿಲು ಎಂದು ಕರೆದದ್ದು. ಕೋಶದ ಹೊರಪೊರೆ ಸಣ್ಣ ಕೊಳವೆಗಳಾಗಿ ಒಳಕ್ಕೆ ಇಳಿದು ಈ ಚೀಲಗಳ ಪಕ್ಕದಲ್ಲೇ ಹಾದುಹೋಗುತ್ತದೆ. ಅಸ್ಥಿಸ್ನಾಯುವಿನಲ್ಲಿ ಎರಡರ ನಡುವಿನ ಅಂತರ ಸುಮಾರು 12 ನ್ಯಾನೊಮೀಟರ್ ಮಾತ್ರ. ಕೊಳವೆಯ ಪೊರೆಯಲ್ಲಿ ವಿದ್ಯುತ್ ಬದಲಾವಣೆಯನ್ನು ಗ್ರಹಿಸುವ ಇನ್ನೊಂದು ಪ್ರೋಟೀನು ಇದೆ. ಅದರ ಹೆಸರು ಡೈಹೈಡ್ರೊಪಿರಿಡಿನ್ ಗ್ರಾಹಕ.

ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಈ ಎರಡು ಪ್ರೋಟೀನುಗಳ ಸಂಬಂಧದಲ್ಲಿ. ಅಸ್ಥಿಸ್ನಾಯುವಿನಲ್ಲಿ ಅವು ಎದುರುಬದುರಾಗಿ ಒಂದಕ್ಕೊಂದು ತಗುಲಿಕೊಂಡಿರುತ್ತವೆ. ನರದಿಂದ ಬಂದ ವಿದ್ಯುತ್ ಸಂಕೇತ ಕೊಳವೆಯೊಳಕ್ಕೆ ಇಳಿದಾಗ ಡೈಹೈಡ್ರೊಪಿರಿಡಿನ್ ಗ್ರಾಹಕ ತನ್ನ ಆಕಾರ ಬದಲಿಸಿ ಎದುರಿನ ರಯನೊಡಿನ್ ಗ್ರಾಹಕವನ್ನು ಎಳೆದು ತೆರೆಸುತ್ತದೆ. ಹೊರಗಿನಿಂದ ಒಂದೂ ಕ್ಯಾಲ್ಸಿಯಂ ಅಯಾನು ಬರಬೇಕಿಲ್ಲ, ಒಳಗಿನ ಸಂಗ್ರಹವೇ ಸಾಕು. ಹೃದಯದಲ್ಲಿ ಈ ನೇರ ಎಳೆತವಿಲ್ಲ. ಅಲ್ಲಿ ಡೈಹೈಡ್ರೊಪಿರಿಡಿನ್ ಗ್ರಾಹಕ ನಿಜವಾದ ಅರ್ಥದಲ್ಲಿ ಒಂದು ನಾಲೆ. ವಿದ್ಯುತ್ ಸಂಕೇತ ಬಂದಾಗ ಅದು ತೆರೆದು ಹೊರಗಿನಿಂದ ಸ್ವಲ್ಪ ಕ್ಯಾಲ್ಸಿಯಂ ಒಳಬಿಡುತ್ತದೆ, ಆ ಸ್ವಲ್ಪ ಕ್ಯಾಲ್ಸಿಯಂ ರಯನೊಡಿನ್ ಗ್ರಾಹಕಕ್ಕೆ ಅಂಟಿ ಅದನ್ನು ತೆರೆಸುತ್ತದೆ, ಆಗ ಚೀಲದಿಂದ ಹಲವು ಪಟ್ಟು ಕ್ಯಾಲ್ಸಿಯಂ ಹೊರಬರುತ್ತದೆ. ಹೊರಗಿನ ದ್ರಾವಣದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಈ ಸರಪಳಿಯ ಮೊದಲ ಕೊಂಡಿಯೇ ತಪ್ಪಿಹೋಗುತ್ತದೆ. ಕಪ್ಪೆಯ ಹೃದಯದಲ್ಲಂತೂ ಒಳಗಿನ ಚೀಲಗಳು ಹೆಚ್ಚು ಬೆಳೆದಿರುವುದಿಲ್ಲ, ಸಂಕೋಚನದ ಕ್ಯಾಲ್ಸಿಯಂನಲ್ಲಿ ದೊಡ್ಡ ಪಾಲು ಹೊರಗಿನಿಂದಲೇ ಬರಬೇಕು. ಆದ್ದರಿಂದ ಅದು ಇನ್ನಷ್ಟು ಬೇಗ ಸೋಲುತ್ತದೆ.

ಹೃದಯಕ್ಕೆ ಹೊರಗಿನ ಕ್ಯಾಲ್ಸಿಯಂ ಬೇಕೆಂಬುದನ್ನು ಮೊದಲು ಕಂಡವರು ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್. ನಲ್ಲಿ ನೀರಿನಲ್ಲಿ ಕಲಸಿದ ಉಪ್ಪಿನ ದ್ರಾವಣದಲ್ಲಿ ಕಪ್ಪೆಯ ಹೃದಯ ಚೆನ್ನಾಗಿ ಬಡಿಯುತ್ತಿತ್ತು. ಭಟ್ಟಿ ಇಳಿಸಿದ ನೀರಿನಲ್ಲಿ ಅದೇ ದ್ರಾವಣ ಮಾಡಿದಾಗ ಬಡಿತ ಕುಗ್ಗಿ ನಿಂತಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಮ್ಮೇ ಈ ವ್ಯತ್ಯಾಸಕ್ಕೆ ಕಾರಣವೆಂದು ಅವರು ತಮ್ಮ ಹಿಂದಿನ ಬರಹವನ್ನು ತಿದ್ದಿಕೊಂಡು 1883ರಲ್ಲಿ ಪ್ರಕಟಿಸಿದರು. ತಮ್ಮ ತಪ್ಪನ್ನು ಮುಚ್ಚಿಡದೆ ಅದರಿಂದಲೇ ಒಂದು ಶೋಧವನ್ನು ಹೊರತೆಗೆದ ಆ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದೆನಿಸುತ್ತದೆ.

ಬಾಗಿಲ ವ್ಯತ್ಯಾಸಕ್ಕೆ ಖಚಿತ ಪುರಾವೆ ದೊರೆತದ್ದು ನೂರು ವರ್ಷಗಳ ನಂತರ. ಹುಟ್ಟಿನಿಂದಲೇ ಅಸ್ಥಿಸ್ನಾಯುವಿನ ಡೈಹೈಡ್ರೊಪಿರಿಡಿನ್ ಗ್ರಾಹಕವಿಲ್ಲದ ಒಂದು ತಳಿಯ ಇಲಿಗಳಿವೆ. ಅವುಗಳ ಸ್ನಾಯುಕೋಶಕ್ಕೆ ವಿದ್ಯುತ್ ಸಂಕೇತ ಕೊಟ್ಟರೂ ಅದು ಸಂಕುಚಿಸುವುದಿಲ್ಲ. ಕ್ಯೋಟೊ ವಿಶ್ವವಿದ್ಯಾಲಯದ ಶೋಸಾಕು ನೂಮಾ ಅವರ ತಂಡ ಮತ್ತು ಅಮೆರಿಕದ ಕರ್ಟ್ ಬೀಮ್ ಸೇರಿ ಇಂತಹ ಕೋಶಗಳಿಗೆ ಅಸ್ಥಿಸ್ನಾಯುವಿನ ಗ್ರಾಹಕದ ಡಿಎನ್‌ಎಯನ್ನು ಚುಚ್ಚಿದಾಗ ಸಂಕೋಚನ ಮರಳಿತು, ಅದಕ್ಕೆ ಹೊರಗಿನ ಕ್ಯಾಲ್ಸಿಯಂ ಬೇಕಾಗಲಿಲ್ಲ. 1990ರಲ್ಲಿ ಅಂಥವೇ ಕೋಶಗಳಿಗೆ ಹೃದಯದ ಗ್ರಾಹಕದ ಡಿಎನ್‌ಎಯನ್ನು ಚುಚ್ಚಿದಾಗಲೂ ಸಂಕೋಚನ ಮರಳಿತು. ಆದರೆ ಈ ಬಾರಿ ಹೊರಗಿನ ಕ್ಯಾಲ್ಸಿಯಂ ತೆಗೆದುಬಿಟ್ಟರೆ ಅದು ನಿಂತುಹೋಗುತ್ತಿತ್ತು. ಕಾಲಿನ ಸ್ನಾಯುವಿನ ಕೋಶವೇ ಒಂದು ಪ್ರೋಟೀನು ಬದಲಾದ ಮಾತ್ರಕ್ಕೆ ಹೃದಯದ ರೀತಿ ಹಿಡಿಯಿತು. ಇಷ್ಟು ಸ್ಪಷ್ಟವಾಗಿ ಮಾತನಾಡುವ ಪ್ರಯೋಗಗಳು ಶರೀರವಿಜ್ಞಾನದಲ್ಲಿ ಹೆಚ್ಚಿಲ್ಲ.

ಹೃದಯ ಹೊರಗಿನ ಕ್ಯಾಲ್ಸಿಯಂಗೆ ಹೀಗೆ ಅಧೀನವಾಗಿರುವುದು ಒಂದು ದೌರ್ಬಲ್ಯವೆಂದು ನಿಮಗೆ ತೋರಬಹುದು. ವಾಸ್ತವದಲ್ಲಿ ಹೃದಯದ ಬಲದ ಹೊಂದಾಣಿಕೆ ನಿಂತಿರುವುದೇ ಇದರ ಮೇಲೆ. ಕಾಲಿನ ಸ್ನಾಯು ಹೆಚ್ಚು ಬಲ ಬೇಕಾದಾಗ ಹೆಚ್ಚು ಸ್ನಾಯುಕೋಶಗಳನ್ನು ಕೆಲಸಕ್ಕೆ ಹಚ್ಚುತ್ತದೆ, ಇಲ್ಲವೇ ಸಂಕೇತಗಳನ್ನು ಒಂದರ ಹಿಂದೊಂದು ಬೇಗಬೇಗ ಪಡೆಯುತ್ತದೆ. ಹೃದಯದಲ್ಲಿ ಎಲ್ಲ ಕೋಶಗಳೂ ಪ್ರತಿ ಬಡಿತದಲ್ಲೂ ಸಂಕುಚಿಸುವುದರಿಂದ ಮೊದಲ ದಾರಿ ಅದಕ್ಕಿಲ್ಲ. ಅದರ ವಿದ್ಯುತ್ ಸಂಕೇತ 200ರಿಂದ 300 ಮಿಲಿಸೆಕೆಂಡ್ ಉಳಿಯುವುದರಿಂದ, ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುವ ಅಸ್ಥಿಸ್ನಾಯುವಿನ ಸಂಕೇತದಂತೆ ಒಂದರ ಮೇಲೊಂದು ಪೇರಿಸುವ ಎರಡನೆಯ ದಾರಿಯೂ ಇಲ್ಲ. ಉಳಿಯುವುದು ಪ್ರತಿ ಬಡಿತಕ್ಕೂ ಬಿಡುಗಡೆಯಾಗುವ ಕ್ಯಾಲ್ಸಿಯಂ ಪ್ರಮಾಣವನ್ನು ಏರಿಸಿ ಇಳಿಸುವ ದಾರಿ. ಅಡ್ರಿನಲಿನ್ ಮಾಡುವುದು ಇದನ್ನೇ: ಒಳಬರುವ ಕ್ಯಾಲ್ಸಿಯಂ ಹೆಚ್ಚುತ್ತದೆ, ಜೊತೆಗೆ ಅದನ್ನು ಚೀಲಕ್ಕೆ ಹಿಂದೆ ಸೆಳೆದುಕೊಳ್ಳುವ ಪಂಪಿಗೆ ಫಾಸ್ಫೊಲಾಂಬಾನ್ ಎಂಬ ಪ್ರೋಟೀನು ಹಾಕಿದ್ದ ತಡೆ ಸಡಿಲವಾಗುತ್ತದೆ. ಆದ್ದರಿಂದ ಹೃದಯ ಬಲವಾಗಿ ಸಂಕುಚಿಸುವುದಷ್ಟೇ ಅಲ್ಲದೆ ಬೇಗನೆ ಸಡಿಲವೂ ಆಗುತ್ತದೆ.

ಸಡಿಲವಾಗುವುದು ತಾನಾಗಿ ಆಗುವ ಕ್ರಿಯೆಯಲ್ಲ, ಅದಕ್ಕೂ ಶಕ್ತಿ ಬೇಕು. ಚೀಲದ ಪಂಪು ಎರಡು ಕ್ಯಾಲ್ಸಿಯಂ ಅಯಾನುಗಳನ್ನು ಒಳಸೆಳೆಯಲು ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯ ಒಂದು ಅಣುವನ್ನು ಖರ್ಚುಮಾಡುತ್ತದೆ. ಹೃದಯಕೋಶ ಹೊರಗಿನಿಂದ ಬಂದಷ್ಟನ್ನು ಹೊರಕ್ಕೇ ಕಳಿಸಬೇಕಾದ್ದರಿಂದ, ಮೂರು ಸೋಡಿಯಂ ಅಯಾನುಗಳನ್ನು ಒಳಬಿಟ್ಟು ಒಂದು ಕ್ಯಾಲ್ಸಿಯಂ ಹೊರಹಾಕುವ ವಿನಿಮಯ ಪ್ರೋಟೀನನ್ನೂ ಬಳಸುತ್ತದೆ.

ಪ್ರಶ್ನೆ: ರಕ್ತದೊತ್ತಡಕ್ಕೆಂದು ವೈದ್ಯರು ನನಗೆ ಆಮ್ಲೊಡಿಪಿನ್ ಕೊಟ್ಟಿದ್ದಾರೆ. ಅದು ಕ್ಯಾಲ್ಸಿಯಂ ತಡೆಯುವ ಮಾತ್ರೆ ಎಂದು ತಿಳಿಯಿತು. ಇದರಿಂದ ಕೈಕಾಲುಗಳ ಸ್ನಾಯುಗಳು ದುರ್ಬಲವಾಗುವುದಿಲ್ಲವೇ?

ಉತ್ತರ: ನಿಮ್ಮ ಆತಂಕಕ್ಕೆ ಕಾರಣವಿದೆ, ಆದರೆ ಆ ಮಾತ್ರೆ ಕೆಲಸ ಮಾಡುವ ರೀತಿ ನೋಡಿದರೆ ಹಾಗೆ ಆಗಬೇಕಿಲ್ಲ. ಆಮ್ಲೊಡಿಪಿನ್ ಡೈಹೈಡ್ರೊಪಿರಿಡಿನ್ ಗುಂಪಿಗೆ ಸೇರಿದ ಔಷಧ. ಮೇಲೆ ಹೇಳಿದ ಗ್ರಾಹಕಕ್ಕೆ ಆ ಹೆಸರು ಬಂದದ್ದೇ ಈ ಗುಂಪಿನಿಂದ. ಅದು ತಡೆಯುವುದು ಹೊರಗಿನಿಂದ ಒಳಬರುವ ಕ್ಯಾಲ್ಸಿಯಂ ಹರಿವನ್ನು. ಕೈಕಾಲಿನ ಸ್ನಾಯು ಆ ಹರಿವನ್ನು ನೆಚ್ಚಿಕೊಂಡಿಲ್ಲ, ಅಲ್ಲಿ ಗ್ರಾಹಕದ ಆಕಾರ ಬದಲಾದರೆ ಸಾಕು. ರಕ್ತನಾಳದ ಗೋಡೆಯ ನಯವಾದ ಸ್ನಾಯು ಮಾತ್ರ ಆ ಹರಿವನ್ನು ಬಹಳವಾಗಿ ನೆಚ್ಚಿಕೊಂಡಿದೆ. ಹರಿವು ಕಡಿಮೆಯಾದಾಗ ನಾಳ ಹಿಗ್ಗಿ ಒತ್ತಡ ಇಳಿಯುತ್ತದೆ. ವೆರಪಾಮಿಲ್‌ನಂತಹ ಬೇರೆ ಗುಂಪಿನ ಔಷಧಗಳು ಹೃದಯದ ಮೇಲೂ ಸಾಕಷ್ಟು ಪ್ರಭಾವ ಬೀರುತ್ತವೆ, ಆದ್ದರಿಂದ ಯಾವ ಮಾತ್ರೆ ಯಾರಿಗೆ ಎಂಬುದು ವೈದ್ಯರ ನಿರ್ಧಾರ. ಆಹಾರದ ಕ್ಯಾಲ್ಸಿಯಂ ಬಿಡಬೇಕಾದ ಅಗತ್ಯವಿಲ್ಲ. ಸುಸ್ತು ಕಾಣಿಸಿಕೊಂಡರೆ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಕ್ಯಾಲ್ಸಿಯಂ ಸ್ನಾಯುವನ್ನು ಸಂಕುಚಿಸುತ್ತದೆ ಎಂದಾದರೆ ರಕ್ತದಲ್ಲಿ ಅದು ಕಡಿಮೆಯಾದಾಗ ಸ್ನಾಯು ಸಡಿಲವಾಗಬೇಕು. ಬದಲಿಗೆ ಬೆರಳುಗಳು ಸೆಟೆದುಕೊಳ್ಳುವುದೇಕೆ?

ಉತ್ತರ: ಇದಕ್ಕೆ ಕಾರಣ ನರ. ನರತಂತುವಿನ ಪೊರೆಯ ಸೋಡಿಯಂ ನಾಲೆಗಳು ಸುಲಭವಾಗಿ ತೆರೆಯದಂತೆ ಹೊರಗಿನ ಕ್ಯಾಲ್ಸಿಯಂ ಹತೋಟಿಯಲ್ಲಿಡುತ್ತದೆ. ರಕ್ತದ ಕ್ಯಾಲ್ಸಿಯಂ ಬಹಳ ಇಳಿದಾಗ ಆ ಹತೋಟಿ ತಪ್ಪಿ ನರಗಳು ತಾವಾಗಿಯೇ ಸಂಕೇತ ಕಳಿಸತೊಡಗುತ್ತವೆ. ಅಸ್ಥಿಸ್ನಾಯುವಿನ ಒಳಸಂಗ್ರಹ ಇನ್ನೂ ತುಂಬಿರುವುದರಿಂದ ಪ್ರತಿ ಸಂಕೇತಕ್ಕೂ ಅದು ಸಂಕುಚಿಸುತ್ತದೆ. ಹಾಗಾಗಿ ಬೆರಳು, ಮಣಿಕಟ್ಟು ಬಿಗಿಯುತ್ತವೆ, ಬಾಯಿಯ ಸುತ್ತ ಜೋಮು ಹಿಡಿಯುತ್ತದೆ. ಅದೇ ಹೊತ್ತಿನಲ್ಲಿ ಹೃದಯದಲ್ಲಿ ಆಗುವುದು ಬೇರೆ: ಅದರ ವಿದ್ಯುತ್ ಸಂಕೇತ ಇನ್ನಷ್ಟು ಉದ್ದವಾಗುತ್ತದೆ, ಇಸಿಜಿಯಲ್ಲಿ ಆ ಸಂಕೇತದ ಉದ್ದವನ್ನು ಸೂಚಿಸುವ ಕ್ಯೂಟಿ ಅವಧಿ ಹಿಗ್ಗಿರುವುದು ಕಾಣುತ್ತದೆ, ಕೊರತೆ ತೀವ್ರವಾದರೆ ಸಂಕೋಚನದ ಬಲವೂ ಕುಗ್ಗಬಹುದು. ಇಂತಹ ಲಕ್ಷಣಗಳು ಕಂಡಾಗ ರಕ್ತಪರೀಕ್ಷೆಯಿಲ್ಲದೆ ಕ್ಯಾಲ್ಸಿಯಂ ಮಾತ್ರೆ ನುಂಗುವುದು ಸರಿಯಲ್ಲ, ಏಕೆಂದರೆ ರಕ್ತದ ಕ್ಯಾಲ್ಸಿಯಂ ಮಟ್ಟ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆ, ಮೆಗ್ನೀಸಿಯಂ ಅಥವಾ ವಿಟಮಿನ್ ಡಿ ಕೊರತೆ ಹೀಗೆ ಮೂಲಕಾರಣಗಳು ಹಲವಿದ್ದು, ಒಂದೊಂದಕ್ಕೂ ಚಿಕಿತ್ಸೆ ಬೇರೆಯಾಗಿರುತ್ತದೆ.