ಆನ್‌ಲೈನ್ ವ್ಯವಹಾರ: ಯಾವುದನ್ನು ಮಾರಬಹುದು, ಯಾವುದನ್ನು ಮಾರಲಾಗದು?

ಪ್ರಶ್ನೆ: ನಾನೂ ನನ್ನ ಯಜಮಾನರೂ ಆರು ವರ್ಷಗಳಿಂದ ಮಂಡ್ಯದ ಸುತ್ತಲಿನ ಆಲೆಮನೆಗಳಿಂದ ರಾಸಾಯನಿಕ ಬೆರೆಸದ ಬೆಲ್ಲವನ್ನು ಕೊಂಡು, ನಮ್ಮದೇ ವೆಬ್‌ಸೈಟ್ ಮತ್ತು ಅಮೆಜಾನ್ ಮೂಲಕ ಮಾರುತ್ತಿದ್ದೇವೆ. ಕೆಎಎಸ್, ಎಫ್‌ಡಿಎ, ಪಿಡಿಒ ಪರೀಕ್ಷೆಗಳಿಗೆ ಓದುವವರಿಗಾಗಿ ಕನ್ನಡದಲ್ಲಿ ಒಂದು ಜಾಲತಾಣವನ್ನೂ ಒಂದು ಮೊಬೈಲ್ ಆ್ಯಪನ್ನೂ ನಡೆಸುತ್ತಿದ್ದೇವೆ. ಇನ್‌ಸ್ಟಾಗ್ರಾಮ್‌ನಲ್ಲಿ ಅಡುಗೆಯ ಪುಟವೊಂದಿದ್ದು, ಸುಮಾರು ನಲವತ್ತು ಸಾವಿರ ಮಂದಿ ಅದನ್ನು ಅನುಸರಿಸುತ್ತಾರೆ. ಮಕ್ಕಳ ಓದಿನ ಸಲುವಾಗಿ ಮೈಸೂರಿಗೆ ಮನೆ ಬದಲಾಯಿಸುತ್ತಿರುವುದರಿಂದ ಎಲ್ಲವನ್ನೂ ನೋಡಿಕೊಳ್ಳುವುದು ಕಷ್ಟವಾಗಿದೆ. ಇವುಗಳಲ್ಲಿ ಯಾವುದನ್ನು ಮಾರಬಹುದು, ಬೆಲೆ ಹೇಗೆ ನಿಗದಿಯಾಗುತ್ತದೆ? ಇನ್‌ಸ್ಟಾಗ್ರಾಮ್ ಪುಟಕ್ಕೇ ಒಳ್ಳೆಯ ಬೆಲೆ ಬರುತ್ತದೆ ಎಂದು ನನ್ನ ಮೈದುನ ಹೇಳುತ್ತಾರೆ. — ಓದುಗರು, ಮಂಡ್ಯ

ಉತ್ತರ: ನಿಮ್ಮ ಮೈದುನರ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಖಾತೆಯನ್ನಾಗಲಿ, ಬಳಕೆದಾರರ ಹೆಸರನ್ನಾಗಲಿ ಮಾರುವುದನ್ನೂ ಕೊಳ್ಳುವುದನ್ನೂ ಇನ್‌ಸ್ಟಾಗ್ರಾಮ್‌ನ ಬಳಕೆಯ ನಿಯಮಗಳೇ ನಿಷೇಧಿಸುತ್ತವೆ. ಹಣ ಕೊಟ್ಟು ಪಡೆದ ಖಾತೆ ನಾಳೆ ಸ್ಥಗಿತಗೊಂಡರೆ ಕೊಂಡವರು ಕೇಳುವುದು ನಿಮ್ಮನ್ನೇ. ಮೂರರಲ್ಲಿ ಮಾರಾಟಕ್ಕೆ ಅತ್ಯಂತ ದುರ್ಬಲವಾದದ್ದು ಈ ಪುಟ. ಅದನ್ನು ನೀವೇ ಇಟ್ಟುಕೊಳ್ಳಿ.

ಯಾವುದೇ ಆನ್‌ಲೈನ್ ವ್ಯವಹಾರ ಮಾರಾಟಕ್ಕೆ ಯೋಗ್ಯವೇ ಎಂದು ನೋಡುವಾಗ ನಾನು ಮೊದಲು ಕೇಳುವುದು ಎರಡು ಪ್ರಶ್ನೆ: ಮಾಲೀಕರು ಬದಲಾದ ಮೇಲೂ ಗಿರಾಕಿ ಅಲ್ಲಿಗೇ ಬರುತ್ತಾರೆಯೇ, ಮತ್ತು ಆ ವ್ಯವಹಾರದ ಒಂದೊಂದು ಭಾಗವನ್ನೂ ಕಾನೂನಿನ ಪ್ರಕಾರ ಇನ್ನೊಬ್ಬರ ಹೆಸರಿಗೆ ಮಾಡಿಕೊಡಲು ಸಾಧ್ಯವೇ? ತಿಂಗಳ ಚಂದಾ ಕಟ್ಟುವ ಗಿರಾಕಿಗಳಿರುವ ಸಾಫ್ಟ್‌ವೇರ್ ಸೇವೆಗೆ ಎಲ್ಲ ಕಡೆಯೂ ಹೆಚ್ಚಿನ ಬೆಲೆ ಸಿಗುವುದು ಈ ಎರಡಕ್ಕೂ ಅಲ್ಲಿ ಸ್ಪಷ್ಟ ಉತ್ತರವಿರುವುದರಿಂದ. ಸರಕನ್ನು ತಾವು ಮುಟ್ಟದೆ, ಬೇರೆಯವರ ಗೋದಾಮಿನಿಂದಲೇ ಗಿರಾಕಿಗೆ ಕಳುಹಿಸುವ ಡ್ರಾಪ್‌ಶಿಪ್ಪಿಂಗ್ ಅಂಗಡಿಗೆ ಕಡಿಮೆ ಬೆಲೆ ಬರುವುದು, ಅದೇ ಸರಕನ್ನು ಅದೇ ಪೂರೈಕೆದಾರನಿಂದ ಯಾರು ಬೇಕಾದರೂ ತರಿಸಿ ಮಾರಬಹುದಾದ್ದರಿಂದ.

ನಿಮ್ಮ ಬೆಲ್ಲದ ವ್ಯವಹಾರವನ್ನು ಮಾರಬಹುದು, ಆದರೆ ಅದು ಯಾರ ಹೆಸರಿನಲ್ಲಿದೆ ಎಂಬುದು ಇಲ್ಲಿ ಬಹಳ ಮುಖ್ಯ. ಅದು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ ಷೇರುಗಳನ್ನು ಮಾರಿದರಾಯಿತು. ಜಿಎಸ್‌ಟಿ ನೋಂದಣಿ, ಆಹಾರ ಮಾರಾಟಕ್ಕೆ ಬೇಕಾದ ಎಫ್‌ಎಸ್‌ಎಸ್‌ಎಐ ಪರವಾನಗಿ, ಬ್ಯಾಂಕ್ ಖಾತೆ, ಅಮೆಜಾನ್ ಖಾತೆ ಎಲ್ಲವೂ ಕಂಪನಿಯ ಹೆಸರಿನಲ್ಲೇ ಮುಂದುವರಿಯುತ್ತವೆ, ಮಾಲೀಕತ್ವದ ವಿವರಗಳನ್ನು ಮಾತ್ರ ತಿದ್ದಿಸಬೇಕಾಗುತ್ತದೆ. ಪತಿಯ ಅಥವಾ ನಿಮ್ಮ ಹೆಸರಿನ ಏಕವ್ಯಕ್ತಿ ಮಾಲೀಕತ್ವದಲ್ಲಿದ್ದರೆ ಸ್ಥಿತಿ ಬೇರೆ. ಜಿಎಸ್‌ಟಿ ನೋಂದಣಿ ಪ್ಯಾನ್ ಸಂಖ್ಯೆಗೆ ಅಂಟಿಕೊಂಡಿರುವುದರಿಂದ ಕೊಂಡವರು ಹೊಸದಾಗಿ ನೋಂದಣಿ ಮಾಡಿಸಬೇಕು. ಆಹಾರ ಪರವಾನಗಿಯನ್ನೂ ಅವರು ತಮ್ಮ ಹೆಸರಿನಲ್ಲಿ ಹೊಸದಾಗಿ ಪಡೆಯಬೇಕು. ಪೊಟ್ಟಣದ ಮೇಲೆ ನಿಮ್ಮ ಪರವಾನಗಿ ಸಂಖ್ಯೆ ಅಚ್ಚಾಗಿರುವುದರಿಂದ ಹಳೆಯ ಪೊಟ್ಟಣಗಳ ದಾಸ್ತಾನನ್ನು ಏನು ಮಾಡುವುದೆಂಬುದನ್ನೂ ಕರಾರಿನಲ್ಲಿ ಬರೆದುಕೊಳ್ಳಿ. ಸಾವಯವ ಎಂದು ಮಾರುತ್ತಿದ್ದರೆ ಆ ಪ್ರಮಾಣಪತ್ರವೂ ಪಡೆದವರ ಹೆಸರಿಗೇ ಸೇರಿದ್ದು. ಅಮೆಜಾನ್ ಮಾರಾಟಗಾರರ ಖಾತೆಯನ್ನು ಬೇರೊಬ್ಬರಿಗೆ ವರ್ಗಾಯಿಸುವಂತಿಲ್ಲ. ವರ್ಷಗಟ್ಟಲೆ ಗಳಿಸಿದ ರೇಟಿಂಗ್ ನಿಮ್ಮ ಖಾತೆಯಲ್ಲೇ ಉಳಿಯುತ್ತದೆ.

ಹಾಗಾದರೆ ಕೊಳ್ಳುವವರಿಗೆ ಸಿಗುವುದೇನು? ಬ್ರ್ಯಾಂಡ್ ಹೆಸರು, ಡೊಮೈನ್, ವೆಬ್‌ಸೈಟ್, ಅಲ್ಲಿ ನೇರವಾಗಿ ಕೊಳ್ಳುವ ಗಿರಾಕಿಗಳು, ಮತ್ತು ಆಲೆಮನೆಯವರ ಜೊತೆಗಿನ ಸಂಬಂಧ. ಒಟ್ಟು ವಹಿವಾಟಿನಲ್ಲಿ ವೆಬ್‌ಸೈಟಿನ ಪಾಲು ಹೆಚ್ಚಿದಷ್ಟೂ ನಿಮ್ಮ ಬೆಲೆ ಗಟ್ಟಿಯಾಗುತ್ತದೆ. ಅಮೆಜಾನ್ ಪಾಲೇ ಹೆಚ್ಚಿದ್ದರೆ ಮಾರುವ ಮೊದಲು ಇನ್ನೊಂದು ಹಂಗಾಮು ಕಾದು ಗಿರಾಕಿಗಳನ್ನು ವೆಬ್‌ಸೈಟ್ ಕಡೆಗೆ ತರುವುದು ಒಳಿತು. ಬ್ರ್ಯಾಂಡ್ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಲ್ಲವಾದರೆ ಈಗಲೇ ಅರ್ಜಿ ಹಾಕಿ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರ ನೋಂದಾಯಿತ ಹೆಸರನ್ನು ಗುಡ್‌ವಿಲ್ (ವ್ಯವಹಾರ ಗಳಿಸಿದ ಒಳ್ಳೆಯ ಹೆಸರು) ಸಹಿತವಾಗಿಯೂ ರಹಿತವಾಗಿಯೂ ಹಸ್ತಾಂತರಿಸಲು ಅವಕಾಶವಿದೆ. ಡೊಮೈನ್ ಯಾರ ಹೆಸರಿನಲ್ಲಿದೆ ಎಂದೂ ನೋಡಿ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಇಮೇಲ್‌ನಲ್ಲೇ ಅದು ಉಳಿದಿರುವುದು ನಮ್ಮ ಕಡೆ ತೀರಾ ಸಾಮಾನ್ಯ. ಆಲೆಮನೆಯವರೊಂದಿಗೆ ಬರೀ ಬಾಯಿಮಾತಿನ ಒಪ್ಪಂದವಿದ್ದರೆ ಗುಣಮಟ್ಟ, ದರ ನಿಗದಿಯ ಕ್ರಮ ಮತ್ತು ಅವಧಿಯನ್ನು ಒಂದೇ ಪುಟದಲ್ಲಾದರೂ ಬರೆಸಿ ಸಹಿ ಹಾಕಿಸಿಕೊಳ್ಳಿ, ಏಕೆಂದರೆ ನಿಮ್ಮ ಮುಖ ನೋಡಿ ಬೆಲ್ಲ ಕೊಡುವವರು ಹೊಸಬರಿಗೂ ಹಾಗೆಯೇ ಕೊಡುತ್ತಾರೆಂದು ನಂಬಿ ಯಾರೂ ಹಣ ಹೂಡುವುದಿಲ್ಲ.

ಪರೀಕ್ಷಾ ಜಾಲತಾಣ ಮತ್ತು ಆ್ಯಪ್ ನಿಮ್ಮ ಬಳಿ ಇರುವುದರಲ್ಲಿ ಸುಲಭವಾಗಿ ಕೈಬದಲಾಗುವಂಥವು. ಗೂಗಲ್ ಪ್ಲೇಯಲ್ಲಿರುವ ಆ್ಯಪನ್ನು ಒಂದು ಡೆವಲಪರ್ ಖಾತೆಯಿಂದ ಇನ್ನೊಂದಕ್ಕೆ ಅಧಿಕೃತವಾಗಿಯೇ ವರ್ಗಾಯಿಸಬಹುದು. ಬಳಕೆದಾರರು, ರೇಟಿಂಗ್, ವಿಮರ್ಶೆಗಳೆಲ್ಲ ಹಾಗೆಯೇ ಉಳಿಯುತ್ತವೆ. ಜಾಹೀರಾತಿನ ಆ್ಯಡ್‌ಸೆನ್ಸ್ ಖಾತೆ ಮಾತ್ರ ವರ್ಗಾವಣೆಯಾಗುವುದಿಲ್ಲ, ಕೊಂಡವರು ತಮ್ಮದೇ ಖಾತೆಯನ್ನು ಜೋಡಿಸಿಕೊಳ್ಳಬೇಕು.

ಇಲ್ಲಿ ನನಗೆ ನಿಜವಾದ ಆತಂಕವಿರುವುದು ಬರಹಗಳ ಹಕ್ಕಿನ ಬಗ್ಗೆ. ಹೊರಗಿನ ಬರಹಗಾರರಿಗೆ, ಉಪನ್ಯಾಸಕರಿಗೆ ಪುಟಕ್ಕಿಷ್ಟು ಎಂದು ಹಣ ಕೊಟ್ಟು ನೋಟ್ಸ್ ಬರೆಸಿದ್ದರೆ, ಹಣ ಕೊಟ್ಟ ಮಾತ್ರಕ್ಕೆ ಕೃತಿಸ್ವಾಮ್ಯ ನಿಮ್ಮದಾಗಿರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ಹಸ್ತಾಂತರ ಲಿಖಿತವಾಗಿರಬೇಕು, ಅದಕ್ಕೆ ಸಹಿಯಿರಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಸೀಮಿತವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾನೂನು ಪರಿಗಣಿಸುತ್ತದೆ. ನೀವು ಆರು ವರ್ಷದ ಹಿಂದೆ ಅವಧಿ ಬರೆಯದೆ ಮಾಡಿಕೊಂಡ ಕರಾರು ಈಗಾಗಲೇ ಮುಗಿದುಹೋಗಿರಬಹುದು. ಬರೆದವರನ್ನೆಲ್ಲ ಸಂಪರ್ಕಿಸಿ, ಕೃತಿಸ್ವಾಮ್ಯದ ಪೂರ್ಣ ಅವಧಿಗೆ ಮತ್ತು ಎಲ್ಲ ದೇಶಗಳಿಗೆ ಅನ್ವಯಿಸುವಂತೆ ಹೊಸ ಪತ್ರ ಮಾಡಿಸಿಕೊಳ್ಳುವ ತನಕ ಈ ತಾಣವನ್ನು ಮಾರಾಟಕ್ಕಿಡಬೇಡಿ.

ಬೆಲೆಯ ವಿಷಯ. ಫ್ಲಿಪ್ಪಾದಂಥ ವಿದೇಶಿ ಮಾರುಕಟ್ಟೆಗಳಲ್ಲಿ ಸಣ್ಣ ಆನ್‌ಲೈನ್ ವ್ಯವಹಾರಗಳಿಗೆ ವಾರ್ಷಿಕ ಲಾಭದ ಎರಡರಿಂದ ನಾಲ್ಕು ಪಟ್ಟು ಎಂಬ ಲೆಕ್ಕ ವಾಡಿಕೆಯಲ್ಲಿದೆ. ಅಲ್ಲಿ ಮಾಲೀಕರ ಸ್ವಂತ ಸಂಬಳವನ್ನು ಲಾಭದಿಂದ ಕಳೆಯುವುದಿಲ್ಲ, ಕೊಂಡವರೇ ಕುಳಿತು ನಡೆಸುತ್ತಾರೆಂಬುದು ಅದರ ಹಿಂದಿನ ಊಹೆ. ನಮ್ಮಲ್ಲಿ ಕೊಳ್ಳುವವರು ಬಹುಮಟ್ಟಿಗೆ ಕೆಲಸಕ್ಕೆ ಜನ ಇಟ್ಟು ನಡೆಸುವವರಾದ್ದರಿಂದ ನಿಮ್ಮಿಬ್ಬರ ದುಡಿಮೆಯನ್ನು ಖರ್ಚೆಂದು ಹಿಡಿದೇ ಲೆಕ್ಕ ಹಾಕಿ. ಉದಾಹರಣೆಗೆ ವರ್ಷಕ್ಕೆ 9 ಲಕ್ಷ ರೂಪಾಯಿ ಉಳಿಯುತ್ತದೆ ಎನ್ನಿ; ತಿಂಗಳಿಗೆ 25,000 ರೂಪಾಯಿಗೆ ಒಬ್ಬರನ್ನು ಇಟ್ಟುಕೊಂಡರೆ ನಿಜವಾದ ಲಾಭ 6 ಲಕ್ಷ, ಅದರ ಎಷ್ಟು ಪಟ್ಟು ಎಂಬ ಚೌಕಾಶಿ ಆರಂಭವಾಗುವುದು ಅಲ್ಲಿಂದ. ಗೋದಾಮಿನ ದಾಸ್ತಾನಿಗೆ ಕೊಂಡ ದರದಲ್ಲಿ ಪ್ರತ್ಯೇಕ ಬೆಲೆ. ಮೂರು ವರ್ಷದ ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಅಮೆಜಾನ್ ವರದಿ ಒಂದಕ್ಕೊಂದು ತಾಳೆಯಾಗದಿದ್ದರೆ ಯಾವ ಗುಣಕವೂ ನಿಮ್ಮ ನೆರವಿಗೆ ಬರುವುದಿಲ್ಲ.

ನಡೆಯುತ್ತಿರುವ ವ್ಯವಹಾರವನ್ನು ಇಡಿಯಾಗಿ ಹಸ್ತಾಂತರಿಸಿದರೆ ಆ ವರ್ಗಾವಣೆಗೆ 2017ರ ಜಿಎಸ್‌ಟಿ ಅಧಿಸೂಚನೆಯ ಪ್ರಕಾರ ವಿನಾಯಿತಿಯಿದೆ. ಅದರ ಸ್ವತ್ತುಗಳನ್ನು ಬಿಡಿಬಿಡಿಯಾಗಿ ಮಾರಿದರೆ ಇಲ್ಲ. ಉಳಿದ ಇನ್‌ಪುಟ್ ತೆರಿಗೆ ಕ್ರೆಡಿಟ್ಟನ್ನು (ಖರೀದಿಯ ಮೇಲೆ ಕಟ್ಟಿ, ಇನ್ನೂ ಹೊಂದಿಸಿಕೊಳ್ಳದ ತೆರಿಗೆಯನ್ನು) ಐಟಿಸಿ-02 ನಮೂನೆಯಲ್ಲಿ ಸಿಎ ಪ್ರಮಾಣಪತ್ರದೊಂದಿಗೆ ವರ್ಗಾಯಿಸಬಹುದು, ಆದರೆ ನಿಮ್ಮ ನೋಂದಣಿ ರದ್ದಾಗುವ ಮೊದಲೇ ಅದು ಮುಗಿಯಬೇಕು. ಮತ್ತೆ ಬೆಲ್ಲ ಮಾರಬಾರದೆಂಬ ಷರತ್ತನ್ನು ಕೊಳ್ಳುವವರು ಖಂಡಿತ ಕೇಳುತ್ತಾರೆ. ವ್ಯಾಪಾರ ನಿರ್ಬಂಧಿಸುವ ಕರಾರುಗಳು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಸಿಂಧುವಾದರೂ ಗುಡ್‌ವಿಲ್ ಮಾರಾಟಕ್ಕೆ ಅಲ್ಲಿ ಅಪವಾದವಿದೆ. ಪ್ರದೇಶದ ಮಿತಿ ಸ್ಪಷ್ಟವಾಗಿರಬೇಕು, ನ್ಯಾಯೋಚಿತವೂ ಆಗಿರಬೇಕು. ಎಷ್ಟು ವರ್ಷ, ಯಾವ ಸರಕು ಎಂಬುದನ್ನೂ ಬರೆಸದೆ ಸಹಿ ಹಾಕಬೇಡಿ, ಏಕೆಂದರೆ ನಾಳೆ ನಿಮ್ಮ ಅಡುಗೆ ಪುಟದಲ್ಲಿ ಇನ್ನೊಬ್ಬರ ಬೆಲ್ಲವನ್ನು ಹೊಗಳಿದರೂ ತಕರಾರು ಏಳಬಹುದು.

ಪ್ರಶ್ನೆ: ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಸುತ್ತೇನೆ. ವಿದೇಶದ ವಿದ್ಯಾರ್ಥಿಗಳಿಗೆ ಆನ್‌ಲೈನ್ ತರಗತಿಯೂ ಇದೆ, ರೆಕಾರ್ಡ್ ಮಾಡಿದ ಪಾಠಗಳೂ ಇವೆ. ಇದನ್ನು ಮಾರಲು ಸಾಧ್ಯವೇ? — ಓದುಗರು, ಮೈಸೂರು

ಉತ್ತರ: ನೇರ ತರಗತಿಗಳನ್ನು ಮಾರುವುದು ಕಷ್ಟ, ವಿದ್ಯಾರ್ಥಿಗಳು ಶುಲ್ಕ ಕಟ್ಟುತ್ತಿರುವುದು ನಿಮಗೆ, ನಿಮ್ಮ ವೆಬ್‌ಸೈಟಿಗಲ್ಲ. ರೆಕಾರ್ಡ್ ಮಾಡಿದ ಪಾಠಗಳನ್ನು ಮಾರಬಹುದು, ಆದರೆ ನಿಮ್ಮ ಮುಖ ಮತ್ತು ಹೆಸರನ್ನು ಕೊಂಡವರು ಎಷ್ಟು ಕಾಲ, ಯಾವ ಜಾಹೀರಾತಿಗೆ ಬಳಸಬಹುದು ಎಂಬುದನ್ನು ಕರಾರಿನಲ್ಲಿ ಕಟ್ಟುನಿಟ್ಟಾಗಿ ಬರೆಸಿಕೊಳ್ಳಿ. ಮಾರಾಟದ ಯೋಚನೆ ಗಂಭೀರವಾಗಿದ್ದರೆ ಇಂದಿನಿಂದಲೇ ಇನ್ನಿಬ್ಬರು ಶಿಕ್ಷಕರನ್ನು ಸೇರಿಸಿಕೊಂಡು, ಪಾಠಗಳನ್ನು ಚಂದಾ ರೂಪಕ್ಕೆ ತಂದು, ನೀವು ಕಲಿಸದ ತಿಂಗಳಲ್ಲೂ ಚಂದಾ ನವೀಕರಣವಾಗುತ್ತದೆಯೇ ಎಂದು ಒಂದು ವರ್ಷದ ಮಟ್ಟಿಗೆ ದಾಖಲೆ ಇಡಿ. ಕೊಳ್ಳಲು ಬಂದವರು ಮೊದಲು ಕೇಳುವುದು ಆ ದಾಖಲೆಯನ್ನೇ.