1000 ವ್ಯಾಟ್ ಅಂತ ಬರೆದಿರೋ ಪವರ್ ಸಪ್ಲೈ ನಿಜವಾಗಿ ಅಷ್ಟು ಕೊಡುತ್ತಾ?

ನೀವು ಕೇಳಿರೋದು ಎರಡು ಪ್ರಶ್ನೆ. ಆರ್‌ಟಿಎಕ್ಸ್ 4080 ಗ್ರಾಫಿಕ್ಸ್ ಕಾರ್ಡ್ ಹಾಕ್ತಿದ್ದೀನಿ, 1000 ವ್ಯಾಟಿನ ಎಸ್‌ಎಂಪಿಎಸ್ (ಅದೇ ಪವರ್ ಸಪ್ಲೈ) ತಗೊಂಡ್ರೆ ಕರೆಂಟ್ ಬಿಲ್ ಏರುತ್ತಾ ಅನ್ನೋದು ಒಂದು. ಡಬ್ಬದ ಮೇಲಿನ ಅಂಕಿ ನಂಬಬಹುದಾ ಅನ್ನೋದು ಇನ್ನೊಂದು.

ಬಿಲ್ ವಿಷಯ ಮೊದಲು ಮುಗಿಸಿಬಿಡ್ತೀನಿ. ಏರಲ್ಲ. 1000 ಅನ್ನೋದು ಅದು ಕೊಡಬಲ್ಲ ಗರಿಷ್ಠ, ಸದಾ ಎಳೆಯೋದಲ್ಲ. ಕಂಪ್ಯೂಟರ್ 450 ವ್ಯಾಟ್ ಕೇಳಿದಾಗ ದಕ್ಷತೆ ಶೇಕಡಾ 90 ಇದ್ದರೆ ಗೋಡೆಯಿಂದ 500 ಎಳೆಯುತ್ತೆ, ನಡುವಿನ 50 ಬಿಸಿಯಾಗಿ ಹೋಗುತ್ತೆ. ಒಂದೇ ಸಣ್ಣ ತಕರಾರು: ದಿನವಿಡೀ ಬ್ರೌಸರ್ ಮಾತ್ರ ತೆರೆದಿರೋರಿಗೆ ಬೇಕಾಗೋದು ಅರವತ್ತೋ ಎಪ್ಪತ್ತೋ ವ್ಯಾಟ್. ಡಬ್ಬದ ಮೇಲಿರೋ 80 ಪ್ಲಸ್ ಗೋಲ್ಡ್ ಅನ್ನೋ ದಕ್ಷತೆಯ ಬ್ಯಾಡ್ಜಿಗೆ ಪರೀಕ್ಷೆ ಶುರುವಾಗೋದೇ ಶೇಕಡಾ 20ರ ಲೋಡಿನಿಂದ, ಅಂದ್ರೆ 1000ದ್ದಕ್ಕೆ 200 ವ್ಯಾಟಿನಿಂದ. ಅದಕ್ಕಿಂತ ಕೆಳಗೆ ಎಷ್ಟು ಪೋಲಾಗುತ್ತೆ ಅಂತ ಆ ಬ್ಯಾಡ್ಜ್ ಹೇಳಲ್ಲ. ಅಂದಹಾಗೆ ಆ ಬ್ಯಾಡ್ಜ್ ಹೇಳೋದು ದಕ್ಷತೆ ಮಾತ್ರ, ಗುಣಮಟ್ಟವನ್ನಲ್ಲ. ಚಿನ್ನದ ಬಣ್ಣ ನೋಡಿ ಮರುಳಾಗಬೇಡಿ.

ಇನ್ನು ಅಸಲಿ ವಿಷಯ. ಡಬ್ಬ ಬಿಡಿ, ಎಸ್‌ಎಂಪಿಎಸ್ ಮೈಮೇಲಿನ ಸ್ಟಿಕ್ಕರ್ ಓದಿ. ಅದರಲ್ಲಿ 12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಅಂತಿದೆ? ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಊಟ ಮಾಡೋದು ಆ ಸಾಲಿನಿಂದಲೇ. ಒಳ್ಳೆಯ 1000 ವ್ಯಾಟಿನದ್ದರಲ್ಲಿ 83 ಆಂಪಿಯರ್ ಆಸುಪಾಸು ಇರಬೇಕು, 12ರಿಂದ ಗುಣಿಸಿ ನೋಡಿ.

ಇದನ್ನ ನಾನು ಕಲಿತದ್ದು ಪೆಟ್ಟು ತಿಂದು. ನನ್ನ ಹಳೆಯದರ ಮೇಲೆ ದಪ್ಪಕ್ಷರದಲ್ಲಿ 750 ಅಂತಿತ್ತು. ಗೇಮ್ ಮಧ್ಯೆ, ಅದೂ ದೊಡ್ಡ ಸ್ಫೋಟದ ದೃಶ್ಯ ಬಂದಾಗಲೇ, ಟಪ್ ಅಂತ ಇಡೀ ಕಂಪ್ಯೂಟರ್ ಆಫ್. ರ‍್ಯಾಮ್ ಬದಲಿಸಿದೆ, ವಿಂಡೋಸ್ ಮತ್ತೆ ಹಾಕಿದೆ, ಗ್ರಾಫಿಕ್ಸ್ ಕಾರ್ಡನ್ನೇ ಬೈದೆ. ಒಂದು ದಿನ ಟಾರ್ಚ್ ಹಿಡಿದು ಸ್ಟಿಕ್ಕರ್ ಓದಿದೆ: 12 ವೋಲ್ಟಿಗೆ 36 ಆಂಪಿಯರ್. ಅಂದ್ರೆ 432 ವ್ಯಾಟ್! ಉಳಿದ ಮುನ್ನೂರು ಚಿಲ್ಲರೆ ಯಾರಿಗೂ ಅಷ್ಟಾಗಿ ಬೇಡದ 5 ಮತ್ತು 3.3 ವೋಲ್ಟಿನಲ್ಲಿ ತುಂಬಿಟ್ಟಿದ್ದರು. ಸುಳ್ಳಂತೂ ಬರೆದಿರಲಿಲ್ಲ, ಲೆಕ್ಕ ಹಾಗೆ ಮಾಡಿದ್ದರು ಅಷ್ಟೆ.

ಸ್ಫೋಟದ ದೃಶ್ಯಕ್ಕೇ ಆಫ್ ಆಗೋದಕ್ಕೂ ಕಾರಣ ಇದೆ. ಗ್ರಾಫಿಕ್ಸ್ ಕಾರ್ಡು ಸರಾಸರಿ 320 ವ್ಯಾಟ್ ಅಂದರೂ ಕ್ಷಣಾರ್ಧದಲ್ಲಿ ಅದಕ್ಕಿಂತ ಬಹಳ ಮೇಲಕ್ಕೆ ಜಿಗಿಯುತ್ತೆ. ಸಪ್ಲೈ ಅದನ್ನ ಅಪಾಯ ಅಂದುಕೊಂಡು ಬಾಗಿಲು ಹಾಕಿಕೊಳ್ಳುತ್ತೆ. 2022ರಲ್ಲಿ ಬಂದ ಎಟಿಎಕ್ಸ್ 3.0 ಅನ್ನೋ ಪವರ್ ಸಪ್ಲೈ ವಿನ್ಯಾಸದ ನಿಯಮ ಇದನ್ನ ಗಮನಿಸಿದೆ: ಹೊಸ 16 ಪಿನ್ನಿನ ಕನೆಕ್ಟರ್ ಇರೋ ದೊಡ್ಡ ಸಪ್ಲೈಗಳು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗ ತಮ್ಮ ರೇಟಿಂಗಿನ ಎರಡು ಪಟ್ಟು ಹೊರೆ ತಡೆದುಕೊಳ್ಳಬೇಕು. ನಾನಾದರೆ ಗೋಲ್ಡಿಗೂ ಮೇಲಿನ ಪ್ಲಾಟಿನಂ ಬ್ಯಾಡ್ಜಿಗಿಂತ ಇದಕ್ಕೇ ಹಣ ಕೊಡ್ತೀನಿ.

ನಿಮ್ಮ ಲೆಕ್ಕ: ಕಾರ್ಡಿಗೆ 320, ಪ್ರೊಸೆಸರ್ ಎಷ್ಟೇ ಹೊಟ್ಟೆಬಾಕ ಆದರೂ 250, ಫ್ಯಾನು, ಡಿಸ್ಕು, ಬೋರ್ಡು ಸೇರಿ ಇನ್ನೊಂದು 75. ಒಟ್ಟು 650ರ ಹತ್ತಿರ. ಒಳ್ಳೆಯ 850 ಸಾಕು. ಮುಂದೆ ದೊಡ್ಡ ಕಾರ್ಡ್ ಹಾಕೋ ಯೋಚನೆ ಇದ್ರೆ, ಅಥವಾ ಫ್ಯಾನಿನ ಸದ್ದು ಸಹಿಸೋಕಾಗಲ್ಲ ಅನ್ನೋದಾದ್ರೆ 1000 ತಗೊಳ್ಳಿ.

ತಂದ ಮೇಲೆ ಹೇಗೆ ಪರೀಕ್ಷಿಸೋದು? ಕನೆಕ್ಟರಿಗೆ ಪೇಪರ್ ಕ್ಲಿಪ್ ಚುಚ್ಚಿ, ಸಪ್ಲೈ ಒಂದನ್ನೇ ಆನ್ ಮಾಡಿ ಫ್ಯಾನ್ ತಿರುಗಿಸಿದರೆ ಅದು ಬದುಕಿದೆ ಅಂತ ಗೊತ್ತಾಗುತ್ತೆ, ಅಷ್ಟೇ. ಗೇಮೋ ಸ್ಟ್ರೆಸ್ ಟೆಸ್ಟೋ ಓಡುತ್ತಿರುವಾಗ ಖಾಲಿ ಇರೋ ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರಿನ 12 ವೋಲ್ಟ್ ಮತ್ತು ಅದರ ಪಕ್ಕದ ಗ್ರೌಂಡ್ ಪಿನ್ನಿಗೆ ಮಲ್ಟಿಮೀಟರಿನ ಕಡ್ಡಿಗಳನ್ನ ಹಿಡಿಯಿರಿ, ಒಂದಕ್ಕೊಂದು ತಾಗದ ಹಾಗೆ. 11.4ರಿಂದ 12.6ರೊಳಗೆ ಇದ್ದರೆ ನಿಯಮದ ಪ್ರಕಾರ ಸರಿ. ಆದರೆ ಲೋಡ್ ಬಿದ್ದ ಕೂಡಲೇ ಅರ್ಧ ವೋಲ್ಟ್ ಕುಸಿದರೆ ನಾನು ವಾಪಸ್ ಕೊಡ್ತೀನಿ. ರಿಪ್ಪಲ್, ಅಂದ್ರೆ ವೋಲ್ಟೇಜಿನಲ್ಲಿನ ಸಣ್ಣ, ವೇಗದ ಏರಿಳಿತ, ಮಾತ್ರ ಮಲ್ಟಿಮೀಟರಿಗೆ ಸಿಗಲ್ಲ, ಆಸಿಲೋಸ್ಕೋಪ್ ಬೇಕು. 12 ವೋಲ್ಟಿಗೆ ಮಿತಿ 120 ಮಿಲಿವೋಲ್ಟ್, ಒಳ್ಳೆಯವು ಅದಕ್ಕಿಂತ ಎಷ್ಟೋ ಕೆಳಗಿರುತ್ತವೆ. ಇದಕ್ಕೆ ಲೋಡ್ ಹಾಕಿ ಅಳೆದ ರಿವ್ಯೂಗಳನ್ನೇ ನೋಡಬೇಕು.

ಕುತೂಹಲಕ್ಕೂ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ ಮುನ್ನೂರು ವೋಲ್ಟ್ ದಾಟಿ ಉಳಿದಿರಬಹುದು. ಹಾಗೇ ಹಳೆಯ ಸಪ್ಲೈಯ ಮಾಡ್ಯುಲರ್ (ಬಿಚ್ಚಿ ಸಿಕ್ಕಿಸೋ) ಕೇಬಲ್‌ಗಳನ್ನ ಹೊಸದಕ್ಕೆ ಸಿಕ್ಕಿಸಬೇಡಿ. ಸರಿಯಾಗಿ ಕೂರುತ್ತವೆ, ಆದರೆ ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಕಂಪನಿಗೊಂದು ಥರ. 5 ವೋಲ್ಟ್ ಬರಬೇಕಾದ ತಂತಿಯಲ್ಲಿ 12 ಬಂದರೆ ನಿಮ್ಮ ಹಾರ್ಡ್ ಡಿಸ್ಕಿನ ಕಥೆ ಅಲ್ಲಿಗೇ ಮುಗೀತು.