ದೋಣಿಯ ಮೇಲೆ ಕೊಕ್ಕರೆ ಯಾಕೆ?

ಪ್ರಶ್ನೆ: ಮಾಸ್ತರರೇ, ನಾನು ಲಾರಿಗಳ ಮೇಲೆ ಹೂಬಳ್ಳಿ, ಹುಲಿ, ರಾಕ್ಷಸನ ಮುಖ ಬರೆಯುವ ಪೇಂಟರ್. ಮಲೇಷ್ಯಾದಲ್ಲಿರುವ ಅಳಿಯ ಅಲ್ಲಿನ ಹಳೇ ಮೀನುದೋಣಿಯ ಫೋಟೋ ಕಳಿಸಿದ್ದಾನೆ. ಮುಂದೆ ಉದ್ದ ಕತ್ತಿನ ಹಕ್ಕಿ, ಬದಿಗೆಲ್ಲ ಬಳ್ಳಿ, ಜೊತೆಗೆ ನಮ್ಮ ತೊಗಲುಗೊಂಬೆಯಂಥ ಒಂದು ಚಿತ್ರ. ದೋಣಿಯವರು ಮುಸ್ಲಿಮರಂತೆ. ಇದೆಲ್ಲ ದೃಷ್ಟಿಗೆ ಅಂತಾನೇ ಬರೆದದ್ದಾ?
– ಬಸವರಾಜ, ಗಬ್ಬೂರು, ಹುಬ್ಬಳ್ಳಿ

ಉತ್ತರ: ಬಸವರಾಜ, ದೃಷ್ಟಿಯ ಮಾತು ಆಮೇಲೆ. ಮೊದಲು ಆ ಹಕ್ಕಿ ಮಾಡುವ ಕೆಲಸ ನೋಡಿ. ಮಲೇಷ್ಯಾದ ಕೆಲಾಂತಾನ್, ತೆರೆಂಗಾನು ರಾಜ್ಯಗಳ ಕಡೆಯ ಮೀನುಗಾರರು ಅದನ್ನು ಬಂಗಾವ್ ಅಂತಾರೆ, ಅಂದ್ರೆ ಕೊಕ್ಕರೆ. ಹಾಯಿ ಇಳಿಸಿದಾಗ ಕಂಬ, ಗಳ ಎಲ್ಲ ಉರುಳಿ ನೀರಿಗೆ ಬೀಳದಂತೆ ಒರಗಿಸಿಡುವ ಮರ ಅದು. ಹೇಗೂ ಒಂದು ಕೊಂಬೆ ಬೇಕಿತ್ತು, ಕೆತ್ತುವವನ ಕೈ ಸುಮ್ನೆ ಕೂರಲಿಲ್ಲ. ಮೀನು ಹಿಡಿಯೋದ್ರಲ್ಲಿ ಕೊಕ್ಕರೆಯನ್ನು ಮೀರಿಸುವವರು ಯಾರಿದ್ದಾರೆ ಹೇಳಿ? ಕೆಲವು ದೋಣಿಗಳಲ್ಲಿ ಅದೇ ಮರ ನಾಗನಾಗುತ್ತೆ, ಇನ್ನು ಕೆಲವದರಲ್ಲಿ ಗೊಂಬೆಯಾಟದ ಪಾತ್ರ.

ಆ ಗೊಂಬೆ ನಿಮಗೆ ಗುರುತು ಸಿಕ್ಕಿದ್ದು ಸರಿಯಾಗೇ ಇದೆ. ಕೆಲಾಂತಾನ್‌ನಲ್ಲಿ ವಾಯಾಂಗ್ ಕುಲಿತ್ ಅಂತ ತೊಗಲುಗೊಂಬೆ ಆಟವಿದೆ, ಕಥೆ ರಾಮನದೇ. ರಾಮ ಅಲ್ಲಿ ಸೆರಿ ರಾಮ, ರಾವಣ ಮಹಾರಾಜ ವಾನಾ, ಹನುಮಂತ ಬಿಳಿ ಕೋತಿ. ಇಸ್ಲಾಂ ಬರುವ ಮುಂಚೆಯೇ ಆ ನಾಡಿನಲ್ಲಿ ಹಿಂದೂ ಕಥೆಗಳು ನೆಲೆಸಿದ್ದವು. ಧರ್ಮ ಬದಲಾಯಿತು, ರಾತ್ರಿಯಿಡೀ ಆಟ ನೋಡುವ ಚಾಳಿ ಹೋಗಲಿಲ್ಲ. 1990ರ ದಶಕದಲ್ಲಿ ಅಲ್ಲಿನ ರಾಜ್ಯ ಸರ್ಕಾರ ಈ ಆಟಕ್ಕೆ ಕಡಿವಾಣ ಹಾಕಿತು. ನಮ್ಮ ಕಡೆ ಮಳೆ ಹೋದಾಗ ಕಿಳ್ಳೇಕ್ಯಾತರನ್ನು ಕರೆಸಿ ಆಡಿಸುತ್ತಿದ್ದರಲ್ಲ, ಅದನ್ನು ಯಾವ ಸರ್ಕಾರವೂ ತಡೆಯಲಿಲ್ಲ. ನಾವೇ ಕರೆಯೋದು ಬಿಟ್ಟೆವು.

ಪೇಂಟರ್ ಆದ ನಿಮಗೆ ಜಾಸ್ತಿ ಹಿಡಿಸೋದು ಬಳ್ಳಿ. ಮಲಯ್ ಕೆತ್ತನೆಯಲ್ಲಿ ಬಳ್ಳಿಗೆ ಹುಟ್ಟುವ ಒಂದು ಜಾಗ ಇರಲೇಬೇಕು, ನಡುವೆ ಎಲ್ಲಿಂದಲೋ ಶುರುವಾಗುವಂತಿಲ್ಲ. ಅದರ ತುದಿ ಪಕ್ಕದ ಎಲೆಗೆ ಚುಚ್ಚಬಾರದು, ಬಳಸಿಕೊಂಡು ಹೋಗಬೇಕು. ಜೊತೆಗಾರನನ್ನು ತಿವಿಯದೆ ಬೆಳೆ ಅನ್ನೋದು ಅದರ ಅರ್ಥ. ಲಾರಿ ಬಾಡಿಯ ಮೂಲೆಯಲ್ಲಿ ಒಮ್ಮೆ ಹಾಗೆ ಬರೆದು ನೋಡಿ, ಕೈ ಎಷ್ಟು ಬಿಗಿ ಹಿಡಿಯಬೇಕು ಅಂತ ಗೊತ್ತಾಗುತ್ತೆ.

ಇನ್ನು ದೃಷ್ಟಿ. ದೋಣಿಗೂ ಜೀವವಿದೆ ಅಂತ ಹಳೇ ಮೀನುಗಾರರು ನಂಬಿದ್ದರು, ಅದಕ್ಕೆ ಸೆಮಾಂಗತ್ ಅನ್ನುತ್ತಿದ್ದರು. ಹಾಗಾಗಿ ಕಾಯುವ ನಾಗನೂ ಸುಳ್ಳಲ್ಲ. ಆದರೆ ಪ್ರತಿ ಹೂವಿಗೂ ಒಂದೊಂದು ಅರ್ಥ ಹಚ್ಚಬೇಡಿ. ನೀವು ಬರೆಯುವ ಹುಲಿಗಳೆಲ್ಲ ದುರ್ಗಮ್ಮನ ವಾಹನವೇನು? ಎಷ್ಟೋ ಸಲ ಮಾಲೀಕ ಹುಲಿ ಕೇಳಿದ, ನೀವು ಬರೆದಿರಿ, ಅಷ್ಟೇ ಅಲ್ವಾ?

ಎಂಜಿನ್ ಬಂದ ಮೇಲೆ ಹಾಯಿ ಹೋಯಿತು, ಕೊಕ್ಕರೆಗೆ ಕೆಲಸ ಉಳಿಯಲಿಲ್ಲ. ಅಳಿಯನಿಗೆ ಕ್ವಾಲಾ ತೆರೆಂಗಾನುವಿನ ರಾಜ್ಯ ಮ್ಯೂಸಿಯಂಗೆ ಹೋಗಲು ಹೇಳಿ, ಅಲ್ಲಿ ಹಳೇ ದೋಣಿಗಳನ್ನು ಇಟ್ಟಿದ್ದಾರೆ. ಫೋಟೋ ಮಾತ್ರ ಪಕ್ಕದಿಂದ ತೆಗೆಯಲಿ. ಎದುರಿನಿಂದ ತೆಗೆದರೆ ಬಳ್ಳಿ ಎಲ್ಲಿಂದ ಹುಟ್ಟಿತು ಅಂತ ನಿಮಗೆ ಕಾಣಿಸಲ್ಲ.